ಕನ್ನಡಕದ ಸಹಿಗಾಗಿ ಸಂಡೂರಿಗೆ

ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಹತ್ತಿದ ಬಸ್ಸು ಹೊಸಪೇಟೆ ಮುಟ್ಟಿದಾಗ ಸಂಜೆ ನಾಲ್ಕಾಗಿತ್ತು. ದಾರಿಯುದ್ದಕ್ಕೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಅದರಲ್ಲಿದ್ದದ್ದು ಒಂದು ಜೊತೆ ಬಟ್ಟೆ, ಒಂದು ಹಾಳೆ. ಹಾಳೆಯಲ್ಲಿ ಹೀಗೆ ಟೈಪಾಗಿತ್ತು: 'ಸುಣ್ಣ ಕಲಸುವಾಗ ನನಗೆ ರಕ್ಷಣಾ ಕನ್ನಡಕ ಕೊಟ್ಟಿದ್ದರು. ನಾನೇ ಹಾಕಿಕೊಳ್ಳಲಿಲ್ಲ.' ಕೆಳಗೆ ಹುಲಿಗೆಮ್ಮನ ಸಹಿಗೆ ಜಾಗ.

ನಾನು ಕಾಫಿ ತೋಟವೊಂದರ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ ಎರಡೂ ನನ್ನವು. ನಮ್ಮ ಕಾಫಿ ಚೀಲದ ಮೇಲೊಂದು ಹಸಿರು ಸೀಲಿದೆ: ಮರ ಕಡಿದಿಲ್ಲ, ಹಳ್ಳಕ್ಕೆ ವಿಷ ಬಿಟ್ಟಿಲ್ಲ, ಕೆಲಸದವರನ್ನು ಜೋಪಾನ ಮಾಡಿದ್ದೇವೆ ಎಂಬುದಕ್ಕೆ ಸರ್ಟಿಫಿಕೇಟು. ಸೀಲಿದ್ದರೇ ಹೊರದೇಶದವರು ಕೊಳ್ಳುವುದು. ಈ ಮಳೆಗಾಲದಲ್ಲಿ ಗಿಡಗಳಿಗೆ ಹೊಡೆಯುವ ಮೈಲುತುತ್ತದ ಔಷಧಿಗೆ ಸುಣ್ಣ ಕಲಸುತ್ತಿದ್ದ ಹುಲಿಗೆಮ್ಮನ ಎಡಗಣ್ಣಿಗೆ ಸುಣ್ಣ ಸಿಡಿಯಿತು. ಆಸ್ಪತ್ರೆಗೆ ಒಯ್ದೆವು, ಆಮೇಲೆ ಸಂಡೂರು ಕಡೆಯ ಅವಳ ಊರಿಗೆ ಕಳಿಸಿದೆವು. ಸರ್ಟಿಫಿಕೇಟಿನ ಇನ್‌ಸ್ಪೆಕ್ಟರ್ ಮೇಡಂ ಅಪಘಾತದ ಪುಸ್ತಕದಲ್ಲಿ ಆ ಒಂದು ಸಾಲು ಹಿಡಿದುಬಿಟ್ಟರು. ಕನ್ನಡಕ ಕೊಟ್ಟಿದ್ದಿರಾ ಎಂದರು. ಧಣಿಗಳು ಹೌದೆಂದರು. ಹಾಗಾದರೆ ಶನಿವಾರ ನಾಲ್ಕಕ್ಕೆ ಆಕೆಯನ್ನು ಫೋನಿನಲ್ಲಿ ನನ್ನ ಜೊತೆ ಮಾತಾಡಿಸಿ ಎಂದರು ಮೇಡಂ. ಧಣಿಗಳು ಹಾಳೆ ಟೈಪ್ ಮಾಡಿಸಿ, ಸಹಿ ಹಾಕಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ನಿಜ ಏನೆಂದರೆ, ಆರು ಕನ್ನಡಕ ಸ್ಟೋರಿನಲ್ಲಿದ್ದವು. ಪ್ಲಾಸ್ಟಿಕ್ ಕವರ್ ಸಹ ಬಿಚ್ಚಿರಲಿಲ್ಲ. ಇನ್‌ಸ್ಪೆಕ್ಷನ್ ದಿನ ಹೊಸದಾಗಿ ಕಾಣಲಿ ಅಂತ ಬೀಗ ಹಾಕಿಟ್ಟ ಪುಣ್ಯಾತ್ಮ ನಾನೇ.

ಮರುದಿನ ಶನಿವಾರ. ಹುಲಿಗೆಮ್ಮನ ಮನೆ ಗೊತ್ತಿದ್ದದ್ದು ಆಳುಗಳನ್ನು ಕಳಿಸುವ ಮೇಸ್ತ್ರಿ ವೀರೇಶನಿಗೆ ಮಾತ್ರ. ಅವನು ಕಂಪ್ಲಿಯವನು, ಎರಡು ದಿನದಿಂದ ಫೋನು ಸ್ವಿಚ್ ಆಫ್. ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆ. ಬೆಳಿಗ್ಗೆ ಏಳೂವರೆಯ ಕಂಪ್ಲಿ ಬಸ್ಸಿನ ತುಂಬ ಹೆಂಗಸರು, ಅವರಿಗೆ ಟಿಕೆಟ್ ಉಚಿತ. ನಲವತ್ತು ರೂಪಾಯಿ ಕೊಟ್ಟ ನಾನು ನಿಂತೇ ಹೋದೆ.

ಕಮಲಾಪುರದಲ್ಲಿ ಹಂಪಿಗೆ ಹೋಗುವವರೆಲ್ಲ ಇಳಿದರು. ಡ್ರೈವರ್ ಚಹಾಕ್ಕೆ ಹೋದ. ಎದುರಿನ ಅಂಗಡಿಯಲ್ಲಿ ಕಾಫಿಪುಡಿಯ ಪೊಟ್ಟಣ, ಅದರ ಮೇಲೆ ಅದೇ ಹಸಿರು ಸೀಲು!

"ಇದು ಮಸ್ತ್ ಹೋಗ್ತೈತ್ರಿ. ಫಾರಿನ್ ಮಂದಿ ರೇಟ್ ಕೇಳಂಗಿಲ್ಲ, ಸೀಲು ನೋಡಿ ತಗೊಂತಾರ," ಎಂದ ಅಂಗಡಿಯವ.

ಪೊಟ್ಟಣ ತಿರುಗಿಸಿದರೆ, ಬುಟ್ಟಿ ಹಿಡಿದು ನಗುವ ಹೆಂಗಸಿನ ಚಿತ್ರ. ಥೂ ನಿನ್ನ, ಎಂದು ನನಗೆ ನಾನೇ ಬೈದುಕೊಂಡು ಬಸ್ಸು ಹತ್ತಿದೆ. ಬುಕ್ಕಸಾಗರದ ಗದ್ದೆಗಳಲ್ಲಿ ಭತ್ತ ಹಣ್ಣಾಗಿ ನಿಂತಿತ್ತು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ.

ಹನ್ನೊಂದರವರೆಗೆ ಹುಡುಕಿದ ಮೇಲೆ ವೀರೇಶ ಕಂಪ್ಲಿಯ ಅಕ್ಕಿ ಗಿರಣಿಯ ಮುಂದೆ ಸಿಕ್ಕ. "ಫೋನ್ ಕಾಲುವ್ಯಾಗ ಬಿತ್ರಿ," ಎಂದು ನಕ್ಕ. ಹಾಳೆ ನೋಡಿ, "ಸಹಿ ಏನ್ ದೊಡ್ಡ ಮಾತ್ರೀ, ಹಾಕ್ತಾಳ. ಸೀಲು ಹೋತಂದ್ರ ಹಣ್ಣು ಕೊಯ್ಯಾಕ ನಮ್ಮ ಹದಿನಾಕು ಮಂದೀನ ಯಾರ್ ಕರೀತಾರ? ಜಲ್ದಿ ಹೋಗ್ರಿ," ಎಂದು ಮನೆಯ ಗುರುತು ಹೇಳಿದ.

ಮತ್ತೆ ಹೊಸಪೇಟೆಗೆ ಬಂದು ಸಂಡೂರು ಬಸ್ಸು ಹಿಡಿಯುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಮೂವತ್ತು ಚಿಲ್ಲರೆ ಕಿಲೋಮೀಟರು ಅಷ್ಟೇ. ಆದರೆ ಮುಂದೆ ಅದಿರಿನ ಲಾರಿಗಳ ಸಾಲು, ಕಿಟಕಿಯಲ್ಲಿ ಕೆಂಧೂಳು. ಎರಡೂವರೆ ಆಯಿತು, ಮೂರಾಯಿತು. ನಾಲ್ಕರೊಳಗೆ ಸೇರದಿದ್ದರೆ ಏನು ಗತಿ ಎಂದು ಗಡಿಯಾರವನ್ನೇ ನೋಡುತ್ತಿದ್ದೆ. ಸಂಡೂರಿನಿಂದ ದೋಣಿಮಲೈ ರಸ್ತೆಗೆ ಆಟೋ ಹಿಡಿದು ಆ ಮನೆ ಮುಟ್ಟಿದಾಗ ಮೂರು ನಲವತ್ತು.

"ಯವ್ವಾ, ರೈಟರ್ ಬಂದಾರ! ಕುಂದ್ರಿ, ಕುಂದ್ರಿ," ಎಂದಳು ಹುಲಿಗೆಮ್ಮ. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ಹಾಳೆ ಕೊಟ್ಟೆ. ಬಲಗಣ್ಣಿನ ಹತ್ತಿರ ಹಿಡಿದು, "ಓದಾಕ ಬರಂಗಿಲ್ರಿ, ಸಹಿ ಬರ್ತೈತಿ. ಎಲ್ಲಿ ಹಾಕ್ಲಿ?" ಎಂದಳು.

"ಏನು ಬರೆದಿದೆ ಅಂತ ಕೇಳೋದಿಲ್ವಾ?"

"ನೀವ್ ತಂದೀರಿ ಅಂದ್ರ ಕೇಳೋದೇನೈತ್ರೀ?"

ಓದಿ ಹೇಳಿದೆ. ಆಕೆ ನಕ್ಕುಬಿಟ್ಟಳು. "ಕನ್ನಡಕ ಎಲ್ಲಿದ್ವು ತ್ವಾಟದಾಗ? ಇರ್ಲಿ ಬಿಡ್ರಿ. ಇಲ್ಲದ್ದನ್ನ ನೀವಾದ್ರೂ ಎಲ್ಲಿಂದ ಕೊಡ್ತೀರಿ, ಪಾಪ." ಸಹಿ ಹಾಕಿ ಕೊಟ್ಟಳು.

ಆಗಲೇ ನನ್ನ ಫೋನು ಬಡಿದುಕೊಂಡಿತು. ಆಕೆಯೊಬ್ಬಳಿಗೇ ಕೊಡಿ, ನೀವು ಹೊರಗಿರಿ ಎಂದರು ಮೇಡಂ. ಹೊರಗೆ ನಿಂತರೂ ಮಾತು ಕೇಳುತ್ತಿತ್ತು.

"ಕೊಟ್ಟಿದ್ರು ರೀ ಮೇಡಂ. ಭಾಳ ಚಲೋ ಕನ್ನಡಕ. ನಾನ ಬ್ಯಾಡ ಅಂದೆ. ನಮ್ಮ ರೈಟರ್ ದೇವ್ರಂಥಾ ಮನಷ್ಯಾ ರೀ."

ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಫೋನು ಕಿತ್ತುಕೊಂಡೆ. "ಮೇಡಂ, ನಾನು ರೈಟರ್. ಕೊಟ್ಟಿರಲಿಲ್ಲ. ಸ್ಟೋರಿನಲ್ಲಿ ಆರು ಇದ್ದವು, ಬೀಗದ ಕೈ ನನ್ನ ಜೇಬಿನಲ್ಲಿತ್ತು." ಬರೆದುಕೊಂಡೆ ಎಂದು ಮೇಡಂ ಫೋನಿಟ್ಟರು.

ಹುಲಿಗೆಮ್ಮ ಉರಿದುಬಿದ್ದಳು. "ನಿಮ್ಮನ್ನ ಯಾರ್ ಕೇಳಿದ್ರು ರೀ? ನಾನ್ ಹೇಳಿದ್ನಲ್ಲ! ನಮ್ಮ ಮಂದಿ ಹೊಟ್ಟಿ ಮ್ಯಾಲ ಹೊಡದ್ರಲ್ರೀ!"

ತಲೆ ತಗ್ಗಿಸಿ ಕೂತೆ. ಆಮೇಲೆ ಅವಳ ದನಿ ಇಳಿಯಿತು.

"ಇದ್ವಾ ರೀ, ಅವತ್ತು?"

"ಇದ್ದವು."

"ನಾ ಸುಣ್ಣ ಕಲಸೋ ಜಾಗದಿಂದ ಆ ಸ್ಟೋರಿಗೆ ಎಷ್ಟ್ ಹೆಜ್ಜಿ ರೀ?"

"ಇಪ್ಪತ್ತು ಹೆಜ್ಜೆ."

ಹುಲಿಗೆಮ್ಮ ಎದ್ದು ಒಳಗೆ ಹೋದಳು. ಬರುತ್ತೇನೆ ಎಂದು ಎದ್ದೆ. ರಸ್ತೆಗೆ ಬಂದು ಹೊಸಪೇಟೆ ಕಡೆಯ ಬಸ್ಸಿಗೆ ಕೈ ಮಾಡಿ ಹತ್ತಿದೆ. ತಿರುಗಿ ನೋಡಿದೆ. ಅವಳ ಮನೆಯ ಬಾಗಿಲು ಹಾಕಿತ್ತು.