ಹಿತ್ತಲಿನ ದೀಪದಲ್ಲಿ ಕಂಡ ಹೆಸರು

ನಮ್ಮ ಯಜಮಾನರು ಚಂದ್ರಶೇಖರ ಯಾವುದನ್ನೂ ಬಿಸಾಡುವವರಲ್ಲ. ಹರಿದ ಜರಡಿ, ಕಿವಿ ಮುರಿದ ಬಾಣಲೆ, ಉಪ್ಪಿನಕಾಯಿ ಬಾಟಲಿ, ಮಗಳು ಚಿಕ್ಕವಳಿದ್ದಾಗ ತೊಟ್ಟ ಗಾಜಿನ ಬಳೆ, ಎಲ್ಲವೂ ನಮ್ಮ ಅಟ್ಟದ ಮೇಲೆ ಸುಖವಾಗಿವೆ. ಬೈದು ಬೈದು ನನಗೆ ಸಾಕಾಗಿದೆ. ನಮ್ಮೂರು ಚಿನಕುರಳಿಗೆ ಬರುವ ಗುಜರಿಯವನು ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸುವುದನ್ನೇ ಬಿಟ್ಟಿದ್ದಾನೆ.

ಇವರದು ಅಕ್ಕಸಾಲಿಗರ ಮನೆ. ಮಾವನವರ ಕಾಲಕ್ಕೆ ಸುತ್ತಲಿನ ಊರುಗಳ ತಾಳಿ, ಓಲೆ, ಮೂಗುಬೊಟ್ಟು ಎಲ್ಲ ನಮ್ಮ ಹಳೇ ಮನೆಯ ಜಗಲಿಯಲ್ಲೇ ಆಗುತ್ತಿತ್ತಂತೆ. ಜನ ಪೇಟೆಯ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದ ಮೇಲೆ ಇವರು ಪಾಂಡವಪುರದ ಒಂದು ಪಾತ್ರೆ ಅಂಗಡಿಯ ಮೂಲೆ ಸೇರಿದರು. ಮದುವೆ, ಮುಂಜಿಗೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಮೆಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕುವ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಾರೆ. ವಿಚಿತ್ರವೆಂದರೆ ಇವರು ಆ ಹೆಸರುಗಳನ್ನು ಓದುವುದಿಲ್ಲ. ಚೀಟಿಯಲ್ಲಿರುವ ಗೆರೆ ನೋಡುತ್ತಾರೆ, ಚುಕ್ಕಿ ಇಡುತ್ತಾರೆ, ಅಷ್ಟೆ. ಓದುತ್ತಾ ಕೂತರೆ ಕೈ ಅಲ್ಲಾಡುತ್ತದೆ ಎನ್ನುತ್ತಾರೆ.

ಕಳೆದ ಮಾಘದಲ್ಲಿ ಮಗಳು ಕೀರ್ತನಳಿಗೆ ಹೂ ಮುಡಿಸಲು ಬಿಂಡಿಗನವಿಲೆಯಿಂದ ಬೀಗರು ಬರುವವರಿದ್ದರು. ಹುಡುಗ ಹೇಮಂತ್ ಕೆಲಸ ಮುಗಿಸಿ ಬರಬೇಕಿದ್ದರಿಂದ ಶಾಸ್ತ್ರವನ್ನು ಸಂಜೆಗೆ ಇಟ್ಟುಕೊಂಡಿದ್ದೆವು. ಹಿತ್ತಲಲ್ಲಿ ಊಟ. ಲೈಟಿನವರನ್ನು ಕರೆಸಿ ಎಂದು ನಾನು ಹೇಳಿದರೆ, ಇವರು ಅಟ್ಟ ಹತ್ತಿದರು.

ಒಂದು ವಾರ ಹಿತ್ತಲ ತುಂಬ ಟಕಟಕ. ಯಾರೋ ಗಣಪತಿ ಹಬ್ಬ ಮುಗಿಸಿ ಬಿಸಾಡಿದ್ದ ಸೀರಿಯಲ್ ಸೆಟ್ಟುಗಳನ್ನು ಬಿಚ್ಚಿ, ಸತ್ತ ಬಲ್ಬು ಕಿತ್ತು, ಬದುಕಿದ್ದವನ್ನು ಸೇರಿಸಿ ಬೆಸುಗೆ ಹಾಕಿದರು. ಬಾಟಲಿಗಳೊಳಗೆ ಬಲ್ಬು ಇಳಿಬಿಟ್ಟರು. ಜರಡಿಯ ಅಂಚಿಗೆ ಬಳೆ ಪೋಣಿಸಿ ನುಗ್ಗೆ ಮರಕ್ಕೆ ತೂಗುಹಾಕಿದರು. ಹಳೇ ಪಾತ್ರೆಗಳಿಗೆ ನೆಗ್ಗದಂತೆ ಒದ್ದೆ ಮರಳು ಗಿಡಿದು, ಹಲಗೆಯ ಮೇಲೆ ಕವುಚಿ, ಡ್ರಿಲ್ಲಿನಿಂದ ತೂತು ಕೊರೆದು, ಆಮೇಲೆ ಒಳಗೆ ಬಲ್ಬು ಇಟ್ಟರು. ನನಗೋ ಒಳಗೊಳಗೇ ಕುದಿತ. ಬೀಗರು ಬಂದು ನೋಡಿದರೆ ಗುಜರಿ ಅಂಗಡಿಯಲ್ಲಿ ಮಗಳನ್ನು ಕೂರಿಸಿದ್ದಾರೆ ಅಂದುಕೊಳ್ಳುತ್ತಾರೆ ಎಂದು ನಾಚಿಕೆ. ಅದನ್ನು ಇವರ ಮುಖಕ್ಕೇ ಹೇಳಿದೆ. ಇವರು ಮರಳು ಕೊಡವಿ ಇನ್ನೊಂದು ಪಾತ್ರೆ ಎತ್ತಿಕೊಂಡರು.

ಶಾಸ್ತ್ರದ ದಿನ ಹೊತ್ತು ಮುಳುಗಿ ಇವರು ಸ್ವಿಚ್ಚು ಒತ್ತಿದಾಗ ನಾನು ಬೈಯುವುದನ್ನೇ ಮರೆತೆ. ಸಗಣಿ ಸಾರಿಸಿದ ನೆಲದ ಮೇಲೆ ಹಸಿರು, ಕೆಂಪು ಬಳೆಯ ಬಣ್ಣ ಆಡುತ್ತಿತ್ತು. ಬೀಗಿತ್ತಿ ಎದ್ದು ಬಂದು ಒಂದೊಂದನ್ನೇ ಮುಟ್ಟಿ ನೋಡಿದರು. ಊಟದ ಸಾಲಿನ ನೇರಕ್ಕೆ ಹಿಡಿಯಿಂದ ತೂಗುಹಾಕಿದ್ದ ಒಂದು ಸ್ಟೀಲ್ ಬಕೀಟು, ಸಾರು ಬಡಿಸುವಂಥದ್ದು, ಎಲ್ಲಕ್ಕಿಂತ ಚೆನ್ನಾಗಿ ಉರಿಯುತ್ತಿತ್ತು. ಹೇಮಂತ್ ಅದರ ಮುಂದೆ ನಿಂತು, ನಗುತ್ತಾ, ಗಟ್ಟಿಯಾಗಿ ಓದಿದ. "ಹೊಣಕೆರೆ ಮಂಚಮ್ಮನಿಗೆ ತವರಿನಿಂದ." ಯಾರು ಇವರು ಎಂದು ಕೇಳಿದ.

ಮಂಚಮ್ಮಕ್ಕ ನಮ್ಮ ಪಕ್ಕದ ಮನೆಯ ಗೌಡತಿ, ಹೊಣಕೆರೆ ಅವರ ತವರು. ಅಲ್ಲೇ ಸಾಲಿನಲ್ಲಿ ಪಾಯಸದ ಲೋಟ ಹಿಡಿದು ಕೂತಿದ್ದರು.

ಎಂಟು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಅವರ ಮನೆಯಿಂದ ನಾಲ್ಕು ಬಕೀಟು ತಂದಿದ್ದೆವು. ವಾಪಸು ಕೊಡುವಾಗ ಮೂರೇ ಇದ್ದವು. ಅಂದು ಪಾತ್ರೆ ತೊಳೆದವಳು ಬೈರಮ್ಮ, ಕೆರೆ ಏರಿಯ ಕಡೆಯವಳು, ಊರಿನ ಯಾವ ಮದುವೆ, ತಿಥಿಯಾದರೂ ಪಾತ್ರೆಗೆ ಅವಳೇ. ಮಂಚಮ್ಮಕ್ಕ ಕೇಳಿದಾಗ ನಾನು ಅವಳನ್ನು ಕಳ್ಳಿ ಎನ್ನಲಿಲ್ಲ. ಲೆಕ್ಕ ತಪ್ಪಿದ ಅವಮಾನಕ್ಕೆ, ನಾಲ್ಕು ಜನರ ಎದುರಿಗೆ, "ತೊಳ್ದಿದ್ದೆಲ್ಲಾ ಬೈರಮ್ಮನೇ ಕಣಕ್ಕ" ಎಂದೆ. ಅಷ್ಟು ಸಾಕಾಯಿತು. ಆಮೇಲೆ ಅವಳನ್ನು ಯಾರೂ ಪಾತ್ರೆಗೆ ಕರೆಯಲಿಲ್ಲ. ಅವಳು ಕಬ್ಬಿನ ಗದ್ದೆ ಕೂಲಿಗೆ ಹೋಗತೊಡಗಿದಳು. ದಾರಿಯಲ್ಲಿ ಎದುರಾದರೆ ನಾನೇ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದೆ.

ಹೇಮಂತ್ ಓದಿದ್ದು ಕೇಳಿ ನಮ್ಮ ಯಜಮಾನರು ಬಕೀಟಿನ ಹತ್ತಿರ ಬಂದು ಕನ್ನಡಕ ಏರಿಸಿ ಓದಿದರು. ತೂತುಗಳನ್ನು ಬೆರಳಿನಿಂದ ಸವರಿದರು. ದುಂಡನೆಯ ಸ್ಟೀಲಿನ ಮೇಲೆ ಡ್ರಿಲ್ಲು ಜಾರುತ್ತದೆ. ಮೊದಲೇ ಚುಕ್ಕಿ ಬಿದ್ದಿದ್ದರೆ ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಕವುಚಿಟ್ಟ ಬಕೀಟಿನ ಮೇಲೆ ತಲೆಕೆಳಗಾದ ಚುಕ್ಕಿಗಳ ಸಾಲು ಸಿಕ್ಕಿದ್ದೇ ಅನುಕೂಲವಾಯಿತೆಂದು ಒಂದನ್ನೂ ಬಿಡದೆ ಕೊರೆದಿದ್ದರು. ಅಟ್ಟದಿಂದ ಇಳಿಸಿದಾಗ ಒಳಗೆ ಏನಿತ್ತು ಎಂದು ಮೆಲ್ಲಗೆ ಕೇಳಿದೆ. ಅರಿಶಿನದ ಕೊಂಬು, ಎರಡು ಒಣಗಿದ ಕೊಬ್ಬರಿ ಗಿಟುಕು ಎಂದರು. ಗೃಹಪ್ರವೇಶದಲ್ಲಿ ಉಳಿದ ಪೂಜೆ ಸಾಮಾನನ್ನು ಸಿಕ್ಕಿದ ಬಕೀಟಿಗೆ ತುಂಬಿ ಅಟ್ಟಕ್ಕೆ ತಳ್ಳಿದವಳು ನಾನೇ.

ಮಂಚಮ್ಮಕ್ಕ ನಕ್ಕುಬಿಟ್ಟರು. "ಬುಡವ್ವ ವೀಣ, ನಿಮ್ಮನೇಲೇ ಇತ್ತಲ್ಲ. ಮರ್ತೋಗಿರ್ತೀಯ, ಮನುಸ್ರು ಮರೀದೆ ಇರ್ತಾರಾ" ಎಂದರು. ಬೀಗರೂ ನಕ್ಕರು. ಎಲೆಗಳಿಗೆ ಮೊಸರನ್ನ ಬಂತು. ನನ್ನ ಎಂಟು ವರ್ಷದ ತಪ್ಪು ಒಂದು ಲೋಟ ಪಾಯಸ ಮುಗಿಯುವುದರೊಳಗೆ ಮಾಫಿಯಾಗಿತ್ತು. ಬೈರಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಗಳ ಶುಭಕಾರ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಬೀಗರ ಮುಂದೆ ಸಣ್ಣವಳಾಗಲು ನನಗೆ ಧೈರ್ಯವಿರಲಿಲ್ಲ, ಇದ್ದದ್ದು ಅಷ್ಟೇ.

ಮರುದಿನ ಇವರೇ ಹೇಳಿದರು, ಹೋಗೋಣ ನಡಿ ಎಂದು. ಒಬ್ಬಳೇ ಹೋಗುತ್ತೇನೆ ಎಂದೆ. ಬೈರಮ್ಮ ಬಾಗಿಲಲ್ಲಿ ಕುಡುಗೋಲು ಮಸೆಯುತ್ತಿದ್ದಳು. ಕೈಬೆರಳುಗಳ ಸಂದಿಯಲ್ಲಿ ಕಬ್ಬಿನ ಗರಿ ಕೊಯ್ದ ಗಾಯ. ಬಕೀಟು ಸಿಕ್ಕಿತು, ನಮ್ಮ ಅಟ್ಟದಲ್ಲೇ ಇತ್ತು, ನನ್ನದೇ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದೆ. ಅಳು ಬಂತು. ಅವಳು ಕುಡುಗೋಲು ಕೆಳಗಿಟ್ಟು ನನ್ನ ಅಳು ನಿಲ್ಲುವವರೆಗೆ ಕಾದಳು.

"ನಾನು ತಗಂಡಿಲ್ಲ ಅಂತ ನಂಗೊತ್ತಿತ್ತಲ್ಲವ್ವ. ನಂಗ್ಯಾಕೇಳ್ತೀರಿ, ಗೊತ್ತಿಲ್ದೋರ್ಗೇಳಿ" ಎಂದಳು. ಮತ್ತೆ ಮಸೆಯತೊಡಗಿದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಆರಕ್ಕೆ ಡೈರಿಯ ಮುಂದೆ ಹೋದೆ. ನಮಗೆ ಹಸುವಿಲ್ಲ. ಕ್ಯಾನು ಹಿಡಿದು ಸಾಲು ನಿಂತ ಹೆಂಗಸರ ನಡುವೆ ಬರಿಗೈಯಲ್ಲಿ ನಿಂತಾಗ ಎಲ್ಲರೂ ತಿರುಗಿ ನೋಡಿದರು. ನಮ್ಮ ಗೃಹಪ್ರವೇಶದಲ್ಲಿ ಕಳೆದುಹೋದ ಬಕೀಟು ಸಿಕ್ಕಿದೆ ಎಂದೆ.

"ಯಾವ ಬಕೀಟಕ್ಕ?" ಎಂದಳು ಪ್ರಮೀಳಾ. ಮುಂದಿನ ತಿಂಗಳು ಅವಳ ನಾದಿನಿಯ ಮದುವೆ. ಉಳಿದವರೂ ಮುಖಮುಖ ನೋಡಿಕೊಂಡರು. ಬಕೀಟು ಯಾರಿಗೂ ನೆನಪಿರಲಿಲ್ಲ.

ಮದುವೆಗೆ ಪಾತ್ರೆ ತೊಳೆಯಲು ಬೈರಮ್ಮನನ್ನು ಕರೆಯುತ್ತೀಯಾ ಎಂದು ಕೇಳಿದೆ.

"ಅವ್ಳು ಬ್ಯಾಡ ಬುಡಕ್ಕ. ಅವ್ಳ ಕೈ ಸರಿಯಿಲ್ವಂತಲ್ಲ."

"ಯಾರೇಳಿದ್ದು?"

"ಅದ್ಯಾರೋ ಏನೋ. ಎಲ್ರೂ ಅಂಗೇ ಅಂತಾರೆ."

ಸಾಲು ಮುಂದಕ್ಕೆ ಸರಿಯಿತು. ಡೈರಿಯವನು ಕ್ಯಾನು ತನ್ನಿ ಎಂದು ಕೂಗುತ್ತಿದ್ದ. ನಾನು ಪ್ರಮೀಳಾಳ ಕೈ ಹಿಡಿದು ನಿಲ್ಲಿಸಿದೆ.

"ಎಲ್ರೂ ಅಲ್ಲ ಕಣೆ," ಎಂದೆ. "ಮೊದ್ಲು ಏಳ್ದೋಳು ನಾನು."