ಸಾರಿಗೆ ಮೀನು ತೆಗೆದಿಡದ ದೋಣಿ

2010ರಲ್ಲಿ ನಾನು ಮರವಂತೆಗೂ ಕಿರಿಮಂಜೇಶ್ವರಕ್ಕೂ ನಡುವೆ, ದೋಣಿಗಳು ಬಂದು ನಿಲ್ಲುವ ಒಂದು ಸಣ್ಣ ದಕ್ಕೆಯಲ್ಲಿ ಮೀನಿನ ಏಜೆಂಟನಾಗಿದ್ದೆ. ದೋಣಿಯವರಿಂದ ಮೀನು ಕೊಂಡು, ಐಸ್ ಹಾಕಿ ಕೇರಳಕ್ಕೆ ಕಳಿಸುವ ಕೆಲಸ. 1997ರಲ್ಲಿ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಶುರುಮಾಡಿದವನು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮಿತ್ತು. ಊರಿನ ಕರಾವಳಿ ಕಾವಲು ಸಮಿತಿಗೂ ನಾನೇ ಸಂಚಾಲಕ.

ಸಮುದ್ರದಿಂದ ಬಂದವರು ಮುಂಬೈ ಮೇಲೆ ದಾಳಿ ಮಾಡಿದ ನಂತರ ನಮ್ಮ ಕಡೆಯೂ ಬಿಗಿ ಹೆಚ್ಚಿತ್ತು. ದೋಣಿಗೆ ನಂಬರು, ಮೀನುಗಾರರಿಗೆ ಗುರುತಿನ ಚೀಟಿ. ನಮ್ಮ ದಕ್ಕೆಯಿಂದ ಹೆದ್ದಾರಿಗೆ ನೂರು ಹೆಜ್ಜೆಯೂ ಇಲ್ಲ; ಇಳಿದವನು ಐದು ನಿಮಿಷದಲ್ಲಿ ಬಸ್ಸಿನೊಳಗಿರುತ್ತಾನೆ. ಇದನ್ನು ಕಂಡ ಕರಾವಳಿ ಕಾವಲು ಪೊಲೀಸ್ ಅಧಿಕಾರಿಯೊಬ್ಬರು, "ಈ ಜಾಗ ಮುಚ್ಚಿ, ದೋಣಿಗಳೆಲ್ಲ ದೊಡ್ಡ ಬಂದರಿಗೇ ಹೋಗಲಿ ಎಂದು ಬರೆಯುತ್ತೇನೆ" ಎಂದರು. ಹಾಗಾದರೆ ಇಲ್ಲಿ ಮೀನು ಕೊಂಡು ಹೊತ್ತು ಮಾರುವ ನಲವತ್ತು ಹೆಂಗಸರ ಹೊಟ್ಟೆಪಾಡು ಮುಗಿದಂತೆ. ನಾನು ಚೌಕಾಸಿಗೆ ನಿಂತೆ. "ಮೊದಲು ನಮ್ಮ ಕಾವಲನ್ನು ಒಮ್ಮೆ ಪರೀಕ್ಷೆ ಮಾಡಿ ಸಾರ್. ನಾವು ಸೋತರೆ ಬರೆಯಿರಿ." ಒಪ್ಪಿದರು. ಯಾವತ್ತು, ಹೇಗೆ ಎಂದು ಮಾತ್ರ ಹೇಳಲಿಲ್ಲ.

ಸಮಿತಿಯ ಹನ್ನೊಂದು ಗಂಡಸರನ್ನು ಸರದಿಯ ಮೇಲೆ ನಿಲ್ಲಿಸಿದೆ. ದುರ್ಬೀನು ತಂದೆ. ದೋಣಿ ನಂಬರಿನ ಪಟ್ಟಿ ಕೊಟ್ಟೆ.

ಡಿಸೆಂಬರಿನ ಒಂದು ಬೆಳಿಗ್ಗೆ ಹೊರಗಿನ ದೋಣಿಯೊಂದು ಬಂತು, ಆರು ಜನ. ಎಂಜಿನ್ ಸರಿಯಿಲ್ಲ, ಮೀನು ಕೆಡುವ ಮೊದಲು ಮಾರಬೇಕು ಎಂದರು. ನಂಬರು ಸರಿಯಿತ್ತು, ಚೀಟಿಗಳೂ ಸರಿಯಿದ್ದವು. ಒಳ್ಳೆಯ ಬಂಗುಡೆ. ನಾನು ಅರ್ಧ ಬೆಲೆ ಕೇಳಿದೆ. ಎರಡನೇ ಮಾತಿಗೆ ಒಪ್ಪಿದರು. ಗೆದ್ದೆನೆಂದು ಮೀಸೆ ತಿರುವುತ್ತಿದ್ದೆ.

ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮುತ್ತಕ್ಕ, ಮೂವತ್ತು ವರ್ಷದಿಂದ ಮೀನು ಮಾರುವಾಕೆ, ಮೆಲ್ಲಗೆ ಕೇಳಿದಳು: "ಭಾಸ್ಕರಣ್ಣ, ಇವ್ರ್ ಸಾರಿಗ್ ಮೀನ್ ತೆಗ್ದಿಟ್ರಾ?"

ನಮ್ಮಲ್ಲಿ ಯಾವ ದೋಣಿ ಬಂದರೂ ಮಾರುವ ಮೊದಲು ಪ್ರತಿಯೊಬ್ಬನೂ ತನ್ನ ಅನ್ನದ ಸಾರಿಗೆ ನಾಲ್ಕು ಮೀನು ಬದಿಗಿಡುತ್ತಾನೆ. ಮೀನು ಎಷ್ಟೇ ಕಮ್ಮಿಯಿರಲಿ, ಅದನ್ನು ಬಿಡುವುದಿಲ್ಲ. ಇವರು ಕೊನೆಯ ಮೀನನ್ನೂ ನನಗೇ ಕೊಟ್ಟಿದ್ದರು.

"ಬೆಲೆಗೂ ಜಗಳ ಮಾಡ್ಲಿಲ್ಲೆ. ನಿಮ್ಗ್ ಖುಷಿ ಆಯ್ತ್, ನಂಗ್ ಹೆದ್ರಿಕಿ ಆಯ್ತ್" ಎಂದಳು. "ಬಾಯಿ ಮಾಡ್ಬೇಡಿ. ಪೊಲೀಸ್ರಿಗ್ ಫೋನ್ ಮಾಡಿ."

ನಾನು ಫೋನಿಗೆ ಕೈ ಹಾಕುವಷ್ಟರಲ್ಲಿ ಅವರಲ್ಲಿಬ್ಬರು ಚೀಲ ಹಿಡಿದು ಹೆದ್ದಾರಿಯತ್ತ ಹೊರಟಾಗಿತ್ತು. ಆಚೆ ಬಸ್ಸು ಕಾಣುತ್ತಿತ್ತು. ಪರೀಕ್ಷೆಯೋ ನಿಜವೋ ತಿಳಿಯದೆ ನಾನು ನಿಂತಲ್ಲೇ ಅಧಿಕಾರಿಯ ನಂಬರು ಒತ್ತಿದೆ. ಅಷ್ಟರಲ್ಲಿ ಮುತ್ತಕ್ಕ, ಬಸ್ಸಿಗೆ ಕಾದಿದ್ದ ಮೀನಿನ ಹೆಂಗಸರನ್ನು ಸುಳ್ಳೇ ಒಂದು ನೆಪ ಹೂಡಿ ಕೂಗಿದಳು: "ಹ್ವಾಯ್, ಆ ಚೀಲದವ್ರ್ ದುಡ್ಡ್ ಕೊಡ್ದೆ ಹೊರ್ಟ್ರ್, ಬಿಡ್ಬೇಡಿ."

ಏಳು ಬುಟ್ಟಿಗಳು ಆ ಇಬ್ಬರ ಸುತ್ತ ನೆಲಕ್ಕಿಳಿದವು. ಒಬ್ಬಾಕೆ ಅಂಗಿ ಹಿಡಿದಳು, ಇನ್ನೊಬ್ಬಾಕೆ ಅವರ ತಾಯಿ-ತಂದೆಯ ವಿಚಾರಕ್ಕೇ ಹೋದಳು. ಬಸ್ಸು ಅವರನ್ನು ಬಿಟ್ಟು ಹೋಯಿತು.

ಜೀಪಿನಲ್ಲಿ ಬಂದ ಅಧಿಕಾರಿ ಚೀಲ ಬಿಚ್ಚಿಸಿದರು. ಒಂದು ಇಟ್ಟಿಗೆ, ಅದರ ಮೇಲೆ 'ಬಾಂಬ್' ಎಂಬ ಚೀಟಿ. ಅವರೆಲ್ಲ ವೇಷ ಹಾಕಿದ ಪೊಲೀಸರು. ಗುರುತು ಹತ್ತಿದ್ದು ಹೇಗೆಂದು ಕೇಳಿ ತಿಳಿದ ಆ ಮನುಷ್ಯ ಟೋಪಿ ತೆಗೆದು ಮುತ್ತಕ್ಕನಿಗೆ ಕೈ ಮುಗಿದರು. ದುರ್ಬೀನು, ಪಟ್ಟಿ, ನನ್ನ ಇಷ್ಟು ವರ್ಷದ ವ್ಯಾಪಾರ, ಎಲ್ಲವನ್ನೂ ದಾಟಿ ಹೋದದ್ದು ಆ ಹೆಂಗಸಿನ ಕಣ್ಣಿಗೆ ಸಿಕ್ಕಿಬಿದ್ದಿತ್ತು.

"ದಕ್ಕೆ ಇರಲಿ. ಆದರೆ ಇವರು ಸಮಿತಿಯಲ್ಲಿರಬೇಕು" ಎಂದರು ಅಧಿಕಾರಿ.

"ಬೆಳಿಗ್ಗೆ ಮೀಟಿಂಗ್ ಆದ್ರೆ ನಾ ಬಪ್ಪುದಿಲ್ಲೆ, ಯಾಪಾರ ಇತ್ತ್" ಎಂದಳು ಮುತ್ತಕ್ಕ.

ಸಭೆ ಮಧ್ಯಾಹ್ನ ಮೂರಕ್ಕೆ ಹೋಯಿತು. ಕಾವಲಿನ ಹೊಣೆ ಹೊತ್ತ ಯಾರಿಗಾದರೂ ನನ್ನದು ಒಂದೇ ಸಲಹೆ: ಹೊಸ ಯಂತ್ರ ತರಿಸಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು, ಆ ಜಾಗದಲ್ಲಿ ದಿನಾ ನಿಂತು ದುಡಿಯುವವರ ಹತ್ತಿರ ಹೋಗಿ, ನಿಮಗೇನು ಕಾಣುತ್ತದೆ ಎಂದು ಕೇಳಿ. ನಾನು ಹನ್ನೊಂದು ಹೆಸರು ಬರೆಯುವಾಗ ಅದನ್ನು ಕೇಳಿರಲಿಲ್ಲ.