ಕಸ ಗುಡಿಸುವ ಹೊತ್ತು

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿರಾ ಬಸ್ಸು ಕಳ್ಳಂಬೆಳ್ಳದಲ್ಲಿ ನಿಂತಾಗ ಚಹಾದ ಅಂಗಡಿಯಲ್ಲಿ ಇದ್ದವರು ನಾನು ಮತ್ತು ಅಂಗಡಿಯ ನಿಂಗಮ್ಮ, ಇಬ್ಬರೇ. ನೆಲದ ತುಂಬ ಕಸ. ಆಕೆ ಪೊರಕೆ ಹಿಡಿದು ಗಡಿಯಾರ ನೋಡುತ್ತಿದ್ದಳು.

“ಗುಡಿಸೋದಕ್ಕೆ ಗಡಿಯಾರ ಯಾಕಮ್ಮ?”

“ನಮ್ಮೆಜಮಾನ್ರು ಗಾರೆ ಕೆಲಸಕ್ಕೆ ಬೊಂಬಾಯಿಂದ ದುಬೈಗೆ ಇಮಾನದಾಗೆ ಹೊಂಟವ್ರೆ ಸಾಮಿ. ಅವ್ರು ಮುಟ್ಟೋಗಂಟ ಗುಡಿಸ್ಬಾರ್ದು. ಒಂಬತ್ತಕ್ಕೆ ಬಿಟ್ಟು ಹತ್ತೂವರೆಗೆ ಇಳೀತದಂತೆ.”

“ಅದು ಅಲ್ಲಿನ ಹತ್ತೂವರೆ. ಎರಡು ಸಾವಿರ ಕಿಲೋಮೀಟರು, ಮೂರು ಗಂಟೆ ಬೇಕು. ನಮಗೆ ಆಗ ಹನ್ನೆರಡು.”

ಆಕೆ ಪೊರಕೆಯನ್ನು ಮೂಲೆಗೆ ಒರಗಿಸಿದಳು. “ಸದ್ಯ, ಹೇಳ್ಬುಟ್ರಿ. ನಿಮ್ಮನೇಲಿ ಗುಡಿಸ್ಬುಟ್ರಾ?”

ನಾನು ಪ್ರಯಾಣ ಹೊರಟಾಗಲೆಲ್ಲ ಮನೆ ಗುಡಿಸದೆ ಬಿಡುತ್ತಾಳೆಂದು ಹೆಂಡತಿಯನ್ನು ವರ್ಷಗಟ್ಟಲೆ ಗದರಿದ್ದೇನೆ.

ಶಿರಾದಲ್ಲಿ ಇಳಿದವನೇ ಅಂಚೆ ಕಚೇರಿಗೆ ಹೋಗಿ ಮನೆಗೆ ತಂತಿ ಕೊಟ್ಟೆ: ತಲುಪಿದೆ, ಗುಡಿಸು.